ಕೊಂದವರ ಕಾಲಂ ಖಾಲಿ

ಸಾವಿನ ಪ್ರಕರಣಗಳನ್ನು ಅಚ್ಚುಕಟ್ಟಾಗಿ ದಾಖಲಿಸುವುದರಲ್ಲಿ ನಮ್ಮ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಇಡೀ ನಾಡಿಗೇ ಮಾದರಿಯಾಗಿದ್ದವು. ಇದು ಹತ್ತನೇ ಶತಮಾನದ ಮಾತು. ಆಗ ಪೊಲೀಸ್ ಠಾಣೆಗಳು ಇರಲಿಲ್ಲ, ಅದಕ್ಕೇ ಕೆಲಸ ಸಲೀಸಾಗಿತ್ತು ಎಂದು ಕೆಲವು ಕುಹಕಿಗಳು ಹೇಳುತ್ತಾರೆ. ಇಲಾಖೆಯ ಮೇಲೆ ಗೌರವ ಇಟ್ಟುಕೊಂಡಿರುವ ನಾನು ಅಂಥ ಮಾತಿಗೆ ತಲೆಯಾಡಿಸುವುದಿಲ್ಲ.

ದಾಖಲೆ ಬೇಕಾದವರು ಉದ್ರಿಗೆ ಹೋಗಲಿ, ಕುಬಟೂರಿಗೆ ಹೋಗಲಿ, ಬಳ್ಳಿಗಾವಿಗೆ ಹೋಗಲಿ. ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ತೋಟದ ಬೇಲಿಯ ಪಕ್ಕ ವೀರಗಲ್ಲುಗಳು ನಿಂತಿವೆ. ಬಿ. ಎಲ್. ರೈಸ್ ಎಂಬ ಮಹಾಶಯ ಈ ಸೀಮೆಯ ಶಾಸನಗಳನ್ನೆಲ್ಲ ಓದಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು ಮತ್ತು ಎಂಟನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಅಚ್ಚು ಹಾಕಿಸಿದ. ಏಳರಲ್ಲಿ ಶಿಕಾರಿಪುರ, ಎಂಟರಲ್ಲಿ ಸೊರಬ. ಒಂದೊಂದು ವೀರಗಲ್ಲೂ ಒಂದೊಂದು ಕೇಸ್ ಡೈರಿ. ಆಗ ಯಾವ ರಾಜ ಆಳುತ್ತಿದ್ದ, ಯಾವ ಸಂವತ್ಸರ, ಯಾವ ತಿಥಿ, ಯಾವ ವಾರ. ತುರು ಹೊಡೆದುಕೊಂಡು ಹೋದದ್ದೋ, ಊರಿನ ಮೇಲೆ ಬಿದ್ದದ್ದೋ, ಹೆಣ್ಣುಮಕ್ಕಳ ಮೇಲೆ ಕೈ ಮಾಡಿದ್ದೋ. ತಡೆಯಲು ಹೋಗಿ ಸತ್ತವನು ಯಾರ ಮಗ. ಅನೇಕ ಕಲ್ಲುಗಳಲ್ಲಿ ಮೇಲೆ ಬಿದ್ದವರು ಯಾರೆಂಬುದೂ ಇದೆ. ಕೊನೆಗೆ, ಸತ್ತವನ ಮನೆಯವರಿಗೆ ಎಷ್ಟು ಭೂಮಿ ಬಿಟ್ಟುಕೊಟ್ಟರು ಎಂಬ ಲೆಕ್ಕ. ನೆತ್ತರುಗೊಡಗೆ ಎನ್ನುತ್ತಿದ್ದರು ಅದಕ್ಕೆ. ಮಾಹಿತಿ ಹಕ್ಕಿನ ಅರ್ಜಿ ಬೇಡ, ಹತ್ತು ರೂಪಾಯಿ ಶುಲ್ಕ ಬೇಡ, ‘ತನಿಖೆ ಪ್ರಗತಿಯಲ್ಲಿರುವುದರಿಂದ ಮಾಹಿತಿ ನೀಡಲಾಗದು’ ಎಂಬ ಹಿಂಬರಹ ಬೇಡ. ದನ ಕಾಯುವ ಹುಡುಗನೂ ನಿಂತು ನೋಡಬಹುದಾದ ದಾಖಲೆ.

ಪರಿಹಾರದ ವಿಷಯದಲ್ಲೂ ನಮ್ಮ ಕಡೆಯವರು ಸೋತವರಲ್ಲ. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡದ ನಾಳ್ಗಾವುಂಡ ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೇ ಆ ಅಧಿಕಾರ ಕೊಟ್ಟರು. ಆಕೆ ನಾಡು ಆಳಿದಳು, ಕೊನೆಗೆ ಬಂದಳಿಕೆಯಲ್ಲಿ ಸಲ್ಲೇಖನ ವ್ರತ ಹಿಡಿದಳು. ಶಿಕಾರಿಪುರ ತಾಲ್ಲೂಕಿನ ಶಾಸನ ಹೇಳುವ ಸಂಗತಿ ಇದು. ಅನುಕಂಪದ ನೌಕರಿ ಎಂದರೆ ಅದು! ಈಗ ಅನುಕಂಪ ಬೇಕಾದಷ್ಟು ಸಿಗುತ್ತದೆ. ಜೊತೆಗೆ ಬರುವ ಕ್ಯಾಮೆರಾ ಹೋದ ಮೇಲೆ ಅದೂ ಹೋಗುತ್ತದೆ.

ಇರಲಿ, ವಾದಕ್ಕೆ ಒಪ್ಪೋಣ. ಅದು ಬಯಲಲ್ಲಿ ನಡೆದ ಕಾಳಗ, ಊರೆಲ್ಲ ಸಾಕ್ಷಿ, ಬರೆಯುವುದಕ್ಕೆ ಏನು ಕಷ್ಟ? ನಿಜವೇ. ಆದರೆ ಆ ಕಲ್ಲಿನಲ್ಲಿ ಮುಖ್ಯವಾದದ್ದು ಕೊಂದವನ ಹೆಸರಲ್ಲ. ಒಬ್ಬ ಸತ್ತ ಮೇಲೆ ಬದುಕಿರುವವರ ಹೊಣೆ ಏನು ಎಂಬುದನ್ನು ಬರೆದು, ಅಳಿಸಲಾಗದಂತೆ ನಿಲ್ಲಿಸಿದ್ದು ಮುಖ್ಯ. ಈ ಒಂದು ವಿದ್ಯೆಯನ್ನು ನಾವು ಎಲ್ಲಿ ಕಳೆದುಕೊಂಡೆವು ಎಂಬುದನ್ನು ನೋಡಲು ಘಟ್ಟ ಇಳಿದು ಬೆಳ್ತಂಗಡಿ ತಾಲ್ಲೂಕಿಗೆ ಹೋಗಬೇಕು.

2012ರ ಅಕ್ಟೋಬರ್ 9. ಉಜಿರೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದ 17 ವರ್ಷದ ಹುಡುಗಿ ಕಾಲೇಜು ಮುಗಿಸಿ ಬಸ್ ಇಳಿದಳು. ಮನೆಗೆ ನಡೆದು ಹೋಗುವ ದಾರಿ. ಮನೆ ತಲುಪಲಿಲ್ಲ. ಮಾರನೇ ದಿನ ಧರ್ಮಸ್ಥಳ ಗ್ರಾಮದ ಕಾಡಿನಂಚಿನಲ್ಲಿ ಅವಳ ದೇಹ ಸಿಕ್ಕಿತು. ಅತ್ಯಾಚಾರ, ಕೊಲೆ. ಅವಳ ಹೆಸರು ಗೊತ್ತಿಲ್ಲದ ಕನ್ನಡಿಗ ಈಗ ಸಿಗುವುದು ಕಷ್ಟ. ಆದರೂ ನಾನು ಬರೆಯುವುದಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಹೆಸರು ಅಚ್ಚು ಹಾಕಬಾರದೆಂದು ಕಾನೂನಿದೆ, ಒಳ್ಳೆಯ ಕಾನೂನು. ಕೊಂದವನ ಹೆಸರನ್ನೂ ಬರೆಯಲಾರೆ. ಅದು ಸರ್ಕಾರಕ್ಕೇ ಗೊತ್ತಿಲ್ಲ. ಹಾಗಾದರೆ ಕಡತದಲ್ಲಿ ವರ್ಷಗಟ್ಟಲೆ ಇದ್ದ ಹೆಸರು ಯಾರದು? ಆ ಕೃತ್ಯ ಎಸಗಿದ್ದಾನೆಂದು ಸಾಬೀತಾಗಲಿಲ್ಲ ಎಂದು ನ್ಯಾಯಾಲಯ ಬಿಡುಗಡೆ ಮಾಡಿದ ಒಬ್ಬ ಬಡಪಾಯಿಯದು. ಇಡೀ ವ್ಯವಸ್ಥೆ ಸೇರಿ ಕಂಡುಹಿಡಿದ ಒಂದೇ ಒಂದು ಹೆಸರು, ಹಿಡಿಯಬಾರದಿದ್ದವನ ಹೆಸರು.

ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುವುದು. ತುದಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುವುದು. ಈ ಕಡತವೂ ಮೂರು ಅಂತಸ್ತು ಹತ್ತಿತು. ಕೆಳಗೆ ಸ್ಥಳೀಯ ಪೊಲೀಸರು. ಎರಡು ದಿನದಲ್ಲಿ, ಜನ ಹಿಡಿದುಕೊಟ್ಟ ಒಬ್ಬನನ್ನು ಆರೋಪಿ ಮಾಡಿ ಕಾಳಗ ಮುಗಿಸಿದರು. ನಡುವೆ ಸಿಐಡಿ, ಅಪ್ಸರೆಯರ ಹಾಗೆ ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ದಿತು. 2013ರ ಕೊನೆಗೆ ತುದಿಯ ಅಂತಸ್ತು, ಸಿಬಿಐ. ಅಲ್ಲಿ ಮೋಕ್ಷ. ಮೂರೂ ಅಂತಸ್ತಿನಲ್ಲಿ ಕಂಡದ್ದು ಅದೇ ಒಬ್ಬ ಮನುಷ್ಯ. ಮನೆಯವರು ಮಾತ್ರ ‘ಇವನಲ್ಲ, ಸರಿಯಾಗಿ ನೋಡಿ’ ಎನ್ನುತ್ತಲೇ ಇದ್ದರು. ಮಗಳನ್ನು ಕಳೆದುಕೊಂಡವರಿಗೆ ತನಿಖೆಯ ತರಬೇತಿ ಇರುವುದಿಲ್ಲವಲ್ಲ, ಅವರ ಮಾತನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

2023ರ ಜೂನ್ 16ರಂದು ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಸಾಕ್ಷ್ಯ ಇಲ್ಲವೆಂದು ಆತನನ್ನು ಖುಲಾಸೆ ಮಾಡಿತು. ಆರಂಭದ ತನಿಖೆಯಲ್ಲಿ ಆದ ಲೋಪಗಳನ್ನು, ವೈದ್ಯಕೀಯ ಮಾದರಿಗಳ ವಿಷಯದಲ್ಲಿ ಆದ ಲೋಪಗಳನ್ನು ಎತ್ತಿ ತೋರಿಸಿತು. ಹತ್ತು ವರ್ಷ ಎಂಟು ತಿಂಗಳು ಒಬ್ಬ ಮನುಷ್ಯ ಕೊಲೆಗಾರನೆಂಬ ಹಣೆಪಟ್ಟಿ ಹೊತ್ತು ತಿರುಗಿದ. ಆತನಿಗೂ ಒಂದು ಮನೆ ಇದೆ, ಆ ಮನೆಯವರಿಗೂ ಊರಲ್ಲಿ ತಲೆ ಎತ್ತಿ ನಡೆಯಬೇಕಿತ್ತು. ಹೀಗೆ ನಮ್ಮ ತನಿಖಾ ವ್ಯವಸ್ಥೆ ಒಂದೇ ಪ್ರಕರಣದಲ್ಲಿ ನ್ಯಾಯ ಕೇಳುವ ಎರಡು ಕುಟುಂಬಗಳನ್ನು ಸೃಷ್ಟಿಸಿತು. ಉತ್ಪಾದಕತೆ ಇಲ್ಲ ಎಂದು ಸರ್ಕಾರಿ ಇಲಾಖೆಗಳನ್ನು ಬೈಯುವವರು ಇದನ್ನು ಗಮನಿಸಬೇಕು.

ನಮ್ಮ ಭಾವ ಒಬ್ಬರಿದ್ದಾರೆ, ಆನವಟ್ಟಿ ಕಡೆಯವರು. ಕೋರ್ಟು ಕಚೇರಿಯ ಭಾಷೆ ಅವರಿಗೆ ಒಗ್ಗುವುದಿಲ್ಲ. ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತು ಕೇಳಿದರು: “ಅಲ್ಲ ಮಾರಾಯ, ಅವನಲ್ಲ ಅಂತ ಕೋರ್ಟು ಹೇಳ್ತು. ಹಂಗಾದ್ರೆ ಮತ್ಯಾರು ಅಂತ ಯಾರು ಕೇಳ್ಬೇಕು?”

“ಮನೆಯವರು ಕೇಳ್ಬೇಕು ಭಾವ.”

“ಯಾರ ಹತ್ರ?”

“ಅದನ್ನೂ ಮನೆಯವರೇ ಹುಡುಕ್ಬೇಕು.”

“ಮತ್ತೆ ಸರ್ಕಾರ?”

“ಅದರ ಕೆಲಸ ಮುಗೀತು. ಕೇಸು ವಿಲೇವಾರಿ ಆತಲ್ಲ.”

ಭಾವ ಸುಲಿಗತ್ತಿ ಕೆಳಗಿಟ್ಟು, “ಕೊಲೆ ಆಗಿದ್ದಾದ್ರೂ ಹೌದಾ, ಅದೂ ಖುಲಾಸೆನಾ?” ಅಂದರು.

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರ ಹಾಜರಿ ಪುಸ್ತಕ ತೆರೆದು ನೋಡಿ. ಕೊಲೆ ನಡೆದಾಗ ಜಗದೀಶ ಶೆಟ್ಟರ್ ಮುಖ್ಯಮಂತ್ರಿ. ಆಮೇಲೆ ಸಿದ್ದರಾಮಯ್ಯ. ಆಮೇಲೆ ಕುಮಾರಸ್ವಾಮಿ. ಆಮೇಲೆ ನಮ್ಮ ಶಿಕಾರಿಪುರದವರೇ ಆದ ಯಡಿಯೂರಪ್ಪ. ಆಮೇಲೆ ಬೊಮ್ಮಾಯಿ, ಅವರ ಸಂಪುಟದಲ್ಲಿ ಗೃಹ ಖಾತೆ ನಮ್ಮ ಜಿಲ್ಲೆಯ ತೀರ್ಥಹಳ್ಳಿಯವರಾದ ಆರಗ ಜ್ಞಾನೇಂದ್ರರದು. ಖುಲಾಸೆಯ ಹೊತ್ತಿಗೆ ಮತ್ತೆ ಸಿದ್ದರಾಮಯ್ಯ. ದೆಹಲಿಯಲ್ಲೂ ಒಮ್ಮೆ ಯುಪಿಎ, ಮುಂದೆ ಎನ್‌ಡಿಎ. ದಿನಬೆಳಗಾದರೆ ಒಬ್ಬರನ್ನೊಬ್ಬರು ಬೈಯುವ ಮೂರು ಪಕ್ಷಗಳು ಇಲ್ಲಿ ಎಂಥ ಒಮ್ಮತ ತೋರಿಸಿವೆ! ರಾಜ್ಯದವರನ್ನು ಕೇಳಿದರೆ ‘ಸಿಬಿಐಗೆ ಕೊಟ್ಟಿದ್ದೇವಲ್ಲ’ ಎಂದರು. ಸಿಬಿಐ ಕಡೆ ತಿರುಗಿದರೆ ವಿಷಯ ನ್ಯಾಯಾಲಯದಲ್ಲಿದೆ ಎಂಬ ಉತ್ತರ. ನ್ಯಾಯಾಲಯ, ನೀವು ತಂದ ಸಾಕ್ಷ್ಯ ಸಾಲದು ಎಂದಿತು. ಪ್ರತಿಯೊಬ್ಬರೂ ಹೇಳಿದ್ದು ಸತ್ಯವೇ. ಇಷ್ಟೊಂದು ಸತ್ಯವಂತರ ನಡುವೆ ಒಬ್ಬ ಕೊಲೆಗಾರ ಹಾಯಾಗಿ ತಪ್ಪಿಸಿಕೊಂಡಿದ್ದಾನೆ.

ಹುಡುಗಿಯ ತಂದೆ ಮರುತನಿಖೆ ಬೇಕೆಂದು ಹೈಕೋರ್ಟಿಗೆ ಹೋದರು. ಸಿಬಿಐ ಅತ್ತ ಖುಲಾಸೆಯ ವಿರುದ್ಧ ಮೇಲ್ಮನವಿ ಹಾಕಿತು. ಅಂದರೆ ಹಿಡಿದವನನ್ನೇ ಮತ್ತೆ ಹಿಡಿಯಬೇಕು ಎಂಬ ಹಟ. 2024ರ ಆಗಸ್ಟ್‌ನಲ್ಲಿ ಎರಡೂ ವಜಾ ಆದವು. ಅಪ್ಪನಿಗೂ ಇಲ್ಲ, ಸಿಬಿಐಗೂ ಇಲ್ಲ, ಸಮಾನ ನ್ಯಾಯ. 2025ರ ಜನವರಿಯಲ್ಲಿ ಆ ತಂದೆ ತೀರಿಕೊಂಡರು. ಅದೇ ವರ್ಷದ ಮಳೆಗಾಲದಲ್ಲಿ ಅದೇ ಊರಿನಲ್ಲಿ ಹೆಣಗಳನ್ನು ಹೂತಿದ್ದೇನೆಂದು ಒಬ್ಬ ದೂರು ಕೊಟ್ಟ. ವಿಶೇಷ ತನಿಖಾ ತಂಡ ಬಂತು, ಜೆಸಿಬಿ ಬಂತು, ನೆಲ ಅಗೆದರು, ಕೊನೆಗೆ ಆಗಸ್ಟ್‌ನಲ್ಲಿ ದೂರು ಕೊಟ್ಟವನನ್ನೇ ಬಂಧಿಸಿದರು. ಆ ಮಣ್ಣಿನ ರಾಶಿಯ ಆಚೆ ಈಚೆ ನಿಂತು ಎರಡು ಪಂಗಡಗಳು ಗಂಟಲು ಹರಿದುಕೊಂಡವು. 2012ರ ಆ ಸಂಜೆ ಏನಾಯಿತು ಎಂಬ ಪ್ರಶ್ನೆ ಇದ್ದಲ್ಲೇ ಇತ್ತು.

ಸರ್ಕಾರವನ್ನಷ್ಟೇ ಬೈದರೆ ನಾವು ಸಾರ್ವಜನಿಕರು ಬೇಜಾರು ಮಾಡಿಕೊಂಡೇವು. ನಮ್ಮ ಸಾಧನೆಯೂ ಕಡಿಮೆ ಇಲ್ಲ. ಕರ್ನಾಟಕದಲ್ಲಿ ಈ ಕೊಲೆಯ ಬಗ್ಗೆ ಗೊತ್ತಿಲ್ಲದಿರುವುದು ಕಡತಕ್ಕೆ ಮಾತ್ರ. ಯೂಟ್ಯೂಬಿನಲ್ಲಿ ಎಲ್ಲರಿಗೂ ಗೊತ್ತಿದೆ. ಸೆಲೂನಿನಲ್ಲಿ ಗೊತ್ತಿದೆ, ಸಂತೆಯಲ್ಲಿ ಗೊತ್ತಿದೆ, ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕದ ಸೀಟಿನವನಿಗೆ ಅಂಬಾರಗೊಪ್ಪ ಕ್ರಾಸ್ ಬರುವುದರೊಳಗೆ ತೀರ್ಪು ಸಿದ್ಧ. ಒಬ್ಬನಿಗೆ ಗೊತ್ತಿರುವ ಹೆಸರು ಇನ್ನೊಬ್ಬನಿಗೆ ಗೊತ್ತಿರುವುದಲ್ಲ, ಅಷ್ಟೇ ತೊಂದರೆ. ಸಾಕ್ಷ್ಯವಿಲ್ಲದೆ ಒಬ್ಬನನ್ನು ಹಿಡಿದು ಹನ್ನೊಂದನೇ ವರ್ಷಕ್ಕೆ ಬಿಟ್ಟದ್ದಕ್ಕೆ ಪೊಲೀಸರನ್ನು ಬೈಯುವ ನಾವೇ, ಸಾಕ್ಷ್ಯವಿಲ್ಲದೆ ಇನ್ನೊಬ್ಬನನ್ನು ಹಿಡಿಯಿರಿ ಎನ್ನುತ್ತೇವೆ. ಇನ್ನೊಂದು ಪಂಗಡದವರಿಗೆ ಕೇಳುವುದೇ ಅಪರಾಧ. ಪ್ರಶ್ನೆ ಎತ್ತಿದರೆ ಊರಿನ ಮರ್ಯಾದೆ ಹೋಯಿತು ಎನ್ನುತ್ತಾರೆ. ಹುಡುಗಿಯೊಬ್ಬಳು ಹಾಡಹಗಲು ದಾರಿಯಲ್ಲಿ ಕಾಣೆಯಾದಾಗ ಹೋಗದ ಮರ್ಯಾದೆ, ಅವಳ ತಾಯಿ ಮೈಕು ಹಿಡಿದಾಗ ಹೋಗುತ್ತದೆ. ಬಹಳ ನಾಜೂಕಿನ ಮರ್ಯಾದೆ ಇರಬೇಕು.

ಹಾಗಾದರೆ ಹಳೆಯ ಕೊಲೆಗಳು ಪತ್ತೆಯಾಗುವುದೇ ಇಲ್ಲವೇ? ಆಗುತ್ತವೆ. ಅದಕ್ಕೊಂದು ಸಿದ್ಧ ವಿಧಾನವಿದೆ, ಧಾರವಾಡದಲ್ಲಿ ಪ್ರಯೋಗವಾಗಿದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಕಲ್ಲುಗಳ ಬರಹ ಓದುತ್ತ, ನಮ್ಮ ಬಳ್ಳಿಗಾವಿಯ ಅಲ್ಲಮ ಮತ್ತು ಉಡುತಡಿಯ ಅಕ್ಕನ ವಚನಗಳ ಕಾಲವನ್ನು ಕೆದಕುತ್ತ ಜೀವಮಾನ ಕಳೆದ ವಿದ್ವಾಂಸರು ಅವರು. ಸಾವಿರ ವರ್ಷದ ಹಿಂದೆ ಸತ್ತವರ ವಿವರ ಹೊರತೆಗೆದವರ ಸಾವಿನ ವಿವರ ತೆಗೆಯಲು ಸಿಐಡಿಗೆ ಮೂರು ವರ್ಷ ಸಾಲಲಿಲ್ಲ. ಅವರ ಪತ್ನಿ ಉಮಾದೇವಿಯವರು ಇಳಿವಯಸ್ಸಿನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಈ ನಡುವೆ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಕೊಲೆಯಾಯಿತು. ಆ ತನಿಖೆಗೆಂದು ರಚಿಸಿದ ಎಸ್‌ಐಟಿ ಒಂದೊಂದೇ ಎಳೆ ಹಿಡಿದು ಎಳೆದಾಗ ಇನ್ನೊಂದು ತುದಿ ಧಾರವಾಡದಲ್ಲಿ ಸಿಕ್ಕಿತು. 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಪ್ರಕರಣವನ್ನೂ ಅದೇ ತಂಡಕ್ಕೆ ಕೊಟ್ಟಿತು. ಆಗಸ್ಟ್‌ನಲ್ಲಿ ಆರು ಜನರ ಮೇಲೆ ಆರೋಪಪಟ್ಟಿ ಬಂತು. ತಪ್ಪಿತಸ್ಥರು ಯಾರೆಂದು ಹೇಳುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ವಿಧಾನ ಸ್ಪಷ್ಟವಾಯಿತಲ್ಲ? ಒಂದು ಕೊಲೆ ಪತ್ತೆಯಾಗಬೇಕಾದರೆ ಇನ್ನೊಂದು ಕೊಲೆ ಆಗಬೇಕು. ಅಲ್ಲಿಯವರೆಗೆ ಮನೆಯವರು ತಾಳ್ಮೆಯಿಂದ ಸಹಕರಿಸಬೇಕು.

ತಾಳ್ಮೆ ಇಲ್ಲದವರಿಗೆ ಶಿಕಾರಿಪುರ ತಾಲ್ಲೂಕಿನಲ್ಲೇ ಇನ್ನೊಂದು ಮೇಲ್ಪಂಕ್ತಿ ಇದೆ. ಕಂಚಿಗೆ ಓದಲು ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ ಅವಮಾನವಾಯಿತು ಎನ್ನುತ್ತದೆ ತಾಳಗುಂದದ ಸ್ತಂಭಶಾಸನ. ಆತ ದೂರು ಕೊಡಲಿಲ್ಲ, ಸ್ವೀಕೃತಿ ಕೇಳಲಿಲ್ಲ, ನೇರ ಕತ್ತಿ ಹಿಡಿದು ಕಾಡು ಸೇರಿ ಕದಂಬ ರಾಜ್ಯವನ್ನೇ ಕಟ್ಟಿದ. ಈಗಿನ ಕಾಲದಲ್ಲಿ ನೊಂದ ಪ್ರತಿ ಕುಟುಂಬವೂ ರಾಜ್ಯ ಕಟ್ಟುವುದು ಕಷ್ಟ. ಮೊದಲು ಅರಣ್ಯ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ.

ಆದ್ದರಿಂದ ನನ್ನದೊಂದು ವಿನಮ್ರ ಸಲಹೆ. ಖುಲಾಸೆಯಲ್ಲಿ ಮುಗಿದು ಮುಂದೆ ಯಾರೂ ಮುಟ್ಟದ ಕೊಲೆ ಕಡತಗಳನ್ನು ಗೃಹ ಇಲಾಖೆಯಿಂದ ಪುರಾತತ್ವ ಇಲಾಖೆಗೆ ವರ್ಗಾಯಿಸಿಬಿಡಿ. ಅವರಿಗೆ ಮುರಿದದ್ದನ್ನು ಜೋಡಿಸಿ ಓದುವ ಅಭ್ಯಾಸವಿದೆ, ಸಿಕ್ಕ ಚೂರಿಗೆ ನಂಬರು ಹಾಕಿ ಜೋಪಾನ ಮಾಡುವ ಪದ್ಧತಿ ಇದೆ. ಮೊದಲ ದಿನದ ಮಹಜರಿನಲ್ಲಿ ಅವರು ಇದ್ದಿದ್ದರೆ ಎಷ್ಟೋ ಸಾಕ್ಷ್ಯ ಉಳಿಯುತ್ತಿತ್ತು. ಒಂದೇ ತೊಡಕು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬದ ಯಾವುದೂ ಸ್ಮಾರಕವಲ್ಲ. ಆ ಲೆಕ್ಕದಲ್ಲಿ 2012ರ ಈ ಕಡತಕ್ಕೆ 2112ರವರೆಗೆ ಅರ್ಹತೆ ಬರುವುದಿಲ್ಲ. ಮನೆಯವರು ಇನ್ನೊಂದಿಷ್ಟು ಕಾಯಬೇಕು. ಹೇಗೂ ರೂಢಿಯಾಗಿದೆ.

ಅಲ್ಲಿಯವರೆಗೆ ಒಂದು ತಾತ್ಕಾಲಿಕ ಶಾಸನವನ್ನಾದರೂ ನಿಲ್ಲಿಸಬಹುದು. ಒಕ್ಕಣೆ ನಾನೇ ಸಿದ್ಧಪಡಿಸಿದ್ದೇನೆ, ಉಚಿತವಾಗಿ:

“ಸ್ವಸ್ತಿ. ಸಮಸ್ತಇಲಾಖಾಶ್ರಯ, ಪತ್ರಿಕಾಗೋಷ್ಠೀವಲ್ಲಭ, ಸೂಕ್ತಕ್ರಮಮಾರ್ತಾಂಡ, ಎಷ್ಟೇ ಪ್ರಭಾವಿಗಳಾದರೂ ಬಿಡೆವೆಂಬ ಬಿರುದಾಂಕಿತ ಶ್ರೀಮತ್ ಸರ್ಕಾರಂಗಳು ಒಂದರ ಮೇಲೊಂದು ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಿರಲು, ಕಾಲೇಜಿಂ ಮನೆಗೆ ಬರ್ಪ ಹೆಣ್ಣುಮಗಳೊರ್ವಳಂ ದಾರಿಯಲ್ಲಿ ಕೊಂದರು. ಕೊಂದವರಾರೆಂದು ತಿಳಿಯದು. ಕೊಲ್ಲದವನಂ ಹಿಡಿದು, ಬಹುಕಾಲಂ ಇಟ್ಟು, ಬಿಟ್ಟರು. ಆಕೆಯ ಮನೆಯವರಿಗೆ ಸರ್ವನಮಸ್ಯವಾಗಿ ಬಿಟ್ಟ ದತ್ತಿ ಎಂತೆಂದೊಡೆ: ಭರವಸೆ ಐದು, ಸಾಂತ್ವನ ಹತ್ತು, ಮನವಿ ಸ್ವೀಕಾರ ಅಸಂಖ್ಯ. ಇದು ಆಚಂದ್ರಾರ್ಕಸ್ಥಾಯಿ ವಿಚಾರಣೆಯಲ್ಲಿರುವುದು.”

ಶಾಸನಗಳ ಕೊನೆಗೆ ಶಾಪವೊಂದು ಇರುತ್ತದೆ. ಇದನ್ನು ಅಳಿಸಿದವರು ಕಾಶಿಯಲ್ಲಿ ಸಾವಿರ ಕಪಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾರೆ, ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾರೆ ಎಂಬಂಥದ್ದು. ಬರೀ ಒಂದು ಕಲ್ಲು ಕೆಡಿಸಿದ್ದಕ್ಕೆ ಇಷ್ಟು ಶಿಕ್ಷೆ! ನಮ್ಮ ಕಾಲದಲ್ಲಿ ಕೊಲೆಯ ಸಾಕ್ಷ್ಯ ಕೈತಪ್ಪಿ ಹೋದರೆ ಅದರ ಹೆಸರು ಲೋಪ. ಲೋಪ ಎಸಗಿದವರು ಹುಳುವಾಗುವುದಿಲ್ಲ, ಬಡ್ತಿಯ ಪಟ್ಟಿಯಲ್ಲಿ ಮೇಲಾಗುತ್ತಾರೆ, ಪಿಂಚಣಿ ಪಡೆಯುತ್ತಾರೆ.

ಶಾಪದ ಮೇಲೆ ನಂಬಿಕೆ ಇಲ್ಲದ ಆಧುನಿಕರಿಗಾಗಿ ಸುಪ್ರೀಂ ಕೋರ್ಟ್ ಒಂದು ಏರ್ಪಾಡನ್ನೂ ಮಾಡಿಟ್ಟಿದೆ. ಗುಜರಾತಿನಲ್ಲಿ ಆರು ವರ್ಷದ ಮಗುವಿನ ಅತ್ಯಾಚಾರ ಮತ್ತು ಕೊಲೆಯ ಆರೋಪಿ, ತನಿಖೆಯ ತಪ್ಪುಗಳಿಂದಾಗಿ ಬಿಡುಗಡೆಯಾದ. ಆ ಪ್ರಕರಣದ ತೀರ್ಪಿನಲ್ಲಿ, 2014ರ ಜನವರಿಯಲ್ಲಿ, ನ್ಯಾಯಾಲಯ ಎಲ್ಲ ರಾಜ್ಯಗಳ ಗೃಹ ಇಲಾಖೆಗಳಿಗೆ ಕಟ್ಟಪ್ಪಣೆ ಮಾಡಿತು: ಪ್ರತಿ ಖುಲಾಸೆಯನ್ನೂ ಹಿರಿಯ ಅಧಿಕಾರಿಗಳ ಸಮಿತಿ ಪರಿಶೀಲಿಸಬೇಕು, ಕೇಸು ಬಿದ್ದದ್ದು ತನಿಖಾಧಿಕಾರಿಯ ತಪ್ಪಿನಿಂದಲೋ ಸರ್ಕಾರಿ ವಕೀಲರ ತಪ್ಪಿನಿಂದಲೋ ಎಂದು ಗೊತ್ತುಮಾಡಬೇಕು, ತಪ್ಪು ಮಾಡಿದವರ ಮೇಲೆ ಇಲಾಖಾ ಕ್ರಮ ಆಗಬೇಕು. ಜಾರಿಗೆ ಆರು ತಿಂಗಳ ಗಡುವನ್ನೂ ಕೊಟ್ಟಿತು.

ಹೀಗಾಗಿ ಆ ತಾಯಿ ಇನ್ನು ಮೈಕು ಹಿಡಿದಾಗ ‘ಕೊಂದವರು ಯಾರು’ ಎಂದಷ್ಟೇ ಕೇಳುವುದು ಬೇಡ. ಆ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರ ತಯಾರಿದೆ: ಕಾಲ ಬಹಳ ಸರಿದಿದೆ, ಸಾಕ್ಷ್ಯ ಅಳಿದಿದೆ, ವಿಜ್ಞಾನಕ್ಕೂ ಮಿತಿ ಇದೆ. ಜೊತೆಗೆ ಎರಡನೇ ಪ್ರಶ್ನೆಯನ್ನೂ ಕೇಳಲಿ, ನಾವೂ ಕೇಳೋಣ: ‘ಕೆಡಿಸಿದವರು ಯಾರು?’ ಇದಕ್ಕೆ ಗೊತ್ತಿಲ್ಲ ಎನ್ನಲು ಬರುವುದಿಲ್ಲ. ಆ ಹೆಸರುಗಳು ಕಡತದ ಪ್ರತಿ ಹಾಳೆಯಲ್ಲೂ ಇವೆ, ಹುದ್ದೆ, ದಿನಾಂಕ, ಸಹಿ, ಮೊಹರಿನ ಸಮೇತ. ಅವರನ್ನು ಪತ್ತೆ ಹಚ್ಚಲು ಡಿಎನ್‌ಎ ಪರೀಕ್ಷೆ ಬೇಕಿಲ್ಲ.